ಹಸಿ ಕಸದೊಳಗಿನ ಸೂಜಿ

ಕೊಳ್ಳೇಗಾಲದಲ್ಲಿ ನಮ್ಮ ಬೀದಿಗೆ ಕಸದ ಗಾಡಿ ಬರುವುದು ಬೆಳಿಗ್ಗೆ ಏಳೂವರೆಗೆ. ಯಳಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಎಂಟೂಕಾಲಿನ ಬಸ್ಸು ಹಿಡಿಯಬೇಕು. ಅಷ್ಟರೊಳಗೆ ಅವ್ವನಿಗೆ ಇನ್ಸುಲಿನ್ ಕೊಟ್ಟು, ತಿಂಡಿ ತಿನ್ನಿಸಿ, ಮಧ್ಯಾಹ್ನದ ಊಟ ಮುಚ್ಚಿಟ್ಟು, ಡಬ್ಬಿ ಕಟ್ಟಿಕೊಂಡು ಹೊರಡುವುದು ಹಲವು ವರ್ಷಗಳ ರೂಢಿಯಾಗಿತ್ತು. ನಾನು ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹೊನ್ನೂರಿನಿಂದ ಅವ್ವನನ್ನು ಕರೆದುಕೊಂಡು ಬಂದೆ. ಮನೆಯಲ್ಲಿ ನಾವಿಬ್ಬರೇ.

ಹೊನ್ನೂರಿನ ಮನೆಯಲ್ಲಿ ಕಸವೆಂದು ಬೇರೆ ತೆಗೆದಿಡುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಎಮ್ಮೆಗೆ ಹೋಗುತ್ತಿತ್ತು. ತೆಂಗಿನ ಕರಟ ನೀರೊಲೆಗೆ. ಒಲೆಯ ಬೂದಿ ಪಾತ್ರೆ ಉಜ್ಜುವುದಕ್ಕೆ, ಮಿಕ್ಕಿದ್ದು ತಿಪ್ಪೆಗೆ. ಬಳೆ ಒಡೆದರೆ ಮಾತ್ರ ಅವ್ವ ಚೂರುಗಳನ್ನು ಒಂದೊಂದಾಗಿ ಆಯ್ದುಕೊಂಡು ಹಿತ್ತಲ ಬೇಲಿಯ ಬುಡಕ್ಕೆ ಹೋಗಿ, ಮಣ್ಣು ಕೆದಕಿ ಹೂಳುತ್ತಿದ್ದಳು. ತಿಪ್ಪೆಗೆ ಹಾಕಿದರೆ ಅವು ಗೊಬ್ಬರದ ಜೊತೆ ಗದ್ದೆಗೆ ಹೋಗುತ್ತವೆ, ಅಲ್ಲಿ ಗೊಬ್ಬರ ಹರಡುವವರ ಕಾಲಿಗೆ ಚುಚ್ಚುತ್ತವೆ ಎನ್ನುತ್ತಿದ್ದಳು. ಆಗ ಕೂಲಿಗೆ ಬರುವವರ ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ.

ಇನ್ಸುಲಿನ್ ಶುರುವಾದ ದಿನದಿಂದ ಅವ್ವ ಅದೇ ಮಾತನ್ನು ನನಗೆ ಹೇಳುತ್ತಿದ್ದಳು.

"ಸೂಜಿಯ ಅಂಗೇ ಕಸಕ್ಕೆ ಆಕ್ಬ್ಯಾಡ ಕಣವ್ವಾ. ಎತ್ಕಳೋರ ಕೈಗೆ ಚುಚ್ಚದು. ಒಂದ್ ಡಬ್ಬಕ್ಕಾರ ಆಕಿಡು."

"ಮುಚ್ಚಳ ಹಾಕೇ ಎಸೆಯೋದು ಅವ್ವ. ಏನೂ ಆಗಲ್ಲ" ಎನ್ನುತ್ತಿದ್ದೆ ನಾನು.

ಬಹುಪಾಲು ದಿನ ಮುಚ್ಚಳ ಹಾಕುತ್ತಿದ್ದದ್ದು ನಿಜ. ಆದರೆ ಆ ಸಿರಿಂಜಿನ ಕೆಂಪು ಮುಚ್ಚಳ ಬಹಳ ಸಣ್ಣದು. ಕೈ ಜಾರಿ ಎಲ್ಲಾದರೂ ಬಿದ್ದರೆ ಹುಡುಕಲು ಪುರುಸೊತ್ತಿರುತ್ತಿರಲಿಲ್ಲ. ಸಿರಿಂಜು, ಹತ್ತಿ, ರಾತ್ರಿಯ ಅನ್ನ, ಹಾಲಿನ ಪ್ಯಾಕೆಟ್ಟು, ಸೊಪ್ಪಿನ ಕಡ್ಡಿ ಎಲ್ಲವನ್ನೂ ಒಂದೇ ಕವರಿಗೆ ತುಂಬಿ, ಬಾಯಿಗೆ ಗಂಟು ಹಾಕಿ ಗೇಟಿನ ಹೊರಗೆ ಇಡುತ್ತಿದ್ದೆ. ಶಾಲೆಯಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಎಂದು ಮಕ್ಕಳಿಂದ ಚಿತ್ರ ಬರೆಸಿ ಗೋಡೆಗೆ ಅಂಟಿಸಿದವಳೂ ನಾನೇ.

ಗಾಡಿಯ ಜೊತೆ ಬರುತ್ತಿದ್ದ ಹೆಂಗಸು ಮಧುವನಹಳ್ಳಿಯವಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಗಂಡ ಇರಲಿಲ್ಲ, ಒಬ್ಬಳೇ ಮಗಳನ್ನು ಹನೂರಿನ ಆಚೆಗೆ ಮದುವೆ ಮಾಡಿ ಕೊಟ್ಟಿದ್ದಳು. ಸೀರೆಯ ಮೇಲೆ ಕೋಟು ತೊಟ್ಟು, ತಲೆಗೆ ಟವೆಲ್ಲು ಸುತ್ತಿಕೊಂಡು, ನಾವು ಗಂಟು ಹಾಕಿಟ್ಟ ಕವರುಗಳನ್ನು ಅಲ್ಲೇ ಬಿಚ್ಚಿ, ಹಸಿಯದನ್ನು ಒಂದು ಕಡೆಗೆ, ಒಣಗಿದ್ದನ್ನು ಇನ್ನೊಂದು ಕಡೆಗೆ ಸುರಿಯುತ್ತಿದ್ದಳು.

"ಟೀಚರಮ್ಮ, ಎಲ್ಡೂ ಬ್ಯಾರೆ ಬ್ಯಾರೆ ಮಾಡಿ ಕೊಟ್ಬುಡಿ. ನಮ್ಗೂ ಒಸಿ ಕೆಲ್ಸ ಕಮ್ಮಿಯಾಯ್ತದೆ" ಎಂದು ನಗುತ್ತಲೇ ಹೇಳುತ್ತಿದ್ದಳು.

"ನಾಳೆಯಿಂದ ಮಾಡ್ತೀನಿ ಕಣಮ್ಮ" ಎನ್ನುತ್ತಿದ್ದೆ. ಹೀಗೆ ವರ್ಷಗಳು ಕಳೆದವು.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಒಂದು ಸಂಜೆ ಬಸ್ಸಿಳಿದು ಬರುವಾಗ ಎದುರುಮನೆಯ ಜಗಲಿಯಲ್ಲಿ ನಾಲ್ಕು ಜನ ಹೆಂಗಸರು ನಿಂತು ಮಾತಾಡುತ್ತಿದ್ದರು. ಬೆಳಿಗ್ಗೆ ಕಸ ಬೇರ್ಪಡಿಸುವಾಗ ಗಾಡಿಯ ಹೆಂಗಸಿನ ಹೆಬ್ಬೆರಳಿಗೆ ಇಂಜೆಕ್ಷನ್ ಸೂಜಿ ಹೋಗಿತ್ತಂತೆ. ಕೈಗೆ ಗ್ಲೌಸ್ ಇದ್ದರೂ ತೂರಿಕೊಂಡು ಹೋಗಿ ರಕ್ತ ಬಂದಿತ್ತಂತೆ. ಹತ್ತಾರು ಮನೆಯ ಕಸ ಒಟ್ಟಿಗೆ ಸುರಿದಿದ್ದರಿಂದ ಯಾರ ಮನೆಯದು ಎಂದು ತಿಳಿಯಲಿಲ್ಲವಂತೆ. ಗಾಡಿ ಓಡಿಸುವವನು ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದನಂತೆ.

"ಎಂಥ ಜನ ಇರ್ತಾರೆ ನೋಡಿ ಮೇಡಂ" ಎಂದರು ಎದುರುಮನೆಯಾಕೆ.

"ಹೌದು ನೋಡಿ, ಒಂಚೂರೂ ಬುದ್ಧಿ ಬೇಡ್ವಾ" ಎಂದೆ ನಾನು.

ಹಾಗೆ ಹೇಳುವಾಗಲೇ ನನಗೆ ಗೊತ್ತಿತ್ತು. ಆ ಬೀದಿಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವಳು ಅವ್ವ ಒಬ್ಬಳೇ. ಆ ಬೆಳಿಗ್ಗೆ ಕೆಂಪು ಮುಚ್ಚಳ ಕೈಜಾರಿ ಮಂಚದ ಕೆಳಗೆ ಉರುಳಿತ್ತು, ನಾನು ಬಗ್ಗಿ ನೋಡಿರಲಿಲ್ಲ. ಒಳಗೆ ಹೋಗಿ ಮೊದಲು ಮಾಡಿದ ಕೆಲಸ ಮಂಚದ ಕೆಳಗೆ ಕೈ ಹಾಕಿದ್ದು. ಮುಚ್ಚಳ ಅಲ್ಲೇ ಇತ್ತು.

ಹತ್ತು ದಿನ ಗಾಡಿಯ ಜೊತೆ ಬೇರೆ ಯಾರೋ ಬಂದರು. ಹನ್ನೊಂದನೆಯ ದಿನ ಆಕೆಯೇ ಬಂದಳು. ಮುಖ ಇಳಿದುಹೋಗಿತ್ತು. ನಾನು ಗೇಟಿನ ಬಳಿ ನಿಂತು ಹೇಗಿದ್ದೀಯ ಎಂದು ಕೇಳಿದೆ.

"ಮಾತ್ರೆ ಕೊಟ್ಟವ್ರೆ ಟೀಚರಮ್ಮ. ಇಪ್ಪತ್ತೆಂಟು ದಿನ ತಕಬೇಕಂತೆ. ತಕಂಡ್ರೆ ವಾಂತಿ, ತಲೆಸುತ್ತು, ಅನ್ನ ಸೇರಾಕಿಲ್ಲ. ಆಮೇಲೆ ಆರ್ ತಿಂಗ್ಳುಗಂಟ ಆಗಾಗ ರಕ್ತ ನೋಡ್ತಾರಂತೆ."

"ಯಾಕೆ ಅಷ್ಟೊಂದು?"

"ಸೂಜಿ ಯಾರ್ದು ಅಂತ ಗೊತ್ತಾಗಿದ್ರೆ ಅವ್ರ ರಕ್ತನೇ ನೋಡ್ಬುಡಬೌದಿತ್ತಂತೆ. ಅವ್ರ್ಗೇನೂ ಇಲ್ಲ ಅಂತ ಆದ್ರೆ ಈ ಮಾತ್ರೆನೂ ಬ್ಯಾಡ, ಏನೂ ಬ್ಯಾಡ. ಯಾರ್ದು ಅಂತ ಗೊತ್ತಾಗ್ನಿಲ್ವಲ್ಲ. ಆ ಏಡ್ಸ್ ಕಾಯ್ಲೆ ಇರೋರ್ದಾಗಿದ್ರೆ ಏನ್ ಗತಿ ಅಂತ ಡಾಕ್ಟ್ರು ಕೊಟ್ಟವ್ರೆ."

ಮಾತು ನನ್ನ ಬಾಯಿಗೆ ಬಂದಿತ್ತು. ನಮ್ಮವ್ವಂದು ಕಣಮ್ಮ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಎದುರುಮನೆಯಾಕೆ ಬುಟ್ಟಿ ಹಿಡಿದು ಹೊರಗೆ ಬಂದರು. ಅವರ ಎದುರಿಗೇ ತಾನೆ ನಾನು ಬುದ್ಧಿ ಬೇಡ್ವಾ ಎಂದದ್ದು. ನಾಳೆ ಹೇಳೋಣ ಎಂದುಕೊಂಡು ಸುಮ್ಮನಾದೆ. ಆಮೇಲೆ ನಾಳೆ ನಾಳೆ ಎನ್ನುತ್ತ ಹೋದಂತೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಅದಕ್ಕೆ ಸೇರಿಕೊಂಡು ಹೇಳುವುದು ಇನ್ನಷ್ಟು ಕಷ್ಟವಾಯಿತು.

ಅವ್ವನ ಮಂಡಿ ಸೋತು ಅವಳು ಹಾಸಿಗೆ ಬಿಟ್ಟು ಹೆಚ್ಚು ಓಡಾಡುತ್ತಿರಲಿಲ್ಲ. ಆದರೆ ಕಿಟಕಿಯಿಂದ ಬೀದಿಯ ಮಾತೆಲ್ಲ ಕೇಳಿಸುತ್ತಿತ್ತು.

"ಅದು ನಮ್ ಮನೆದೇ ಕಣವ್ವಾ. ಓಗಿ ಯೋಳ್ಬುಡು. ಸಕ್ರೆ ಕಾಯ್ಲೆ ಬುಟ್ರೆ ನಂಗೆ ಬ್ಯಾರೆ ಏನೂ ಇಲ್ಲ. ಬೇಕಾದ್ರೆ ನನ್ ರಕ್ತನೂ ತಕಂಡು ನೋಡ್ಲಿ."

"ಹೇಳ್ತೀನಿ ಅವ್ವ."

ಮರುದಿನ ಸಂಜೆ, "ಯೋಳ್ದಾ?" ಎಂದಳು. ಇಲ್ಲ ಎಂದೆ. ಅದರ ಮರುದಿನವೂ ಕೇಳಿದಳು. ಮೂರನೆಯ ದಿನ, "ಹೇಳಿದೆ" ಎಂದೆ.

"ಏನಂದ್ಲು?"

"ಏನೂ ಅನ್ನಲಿಲ್ಲ. ಅಜ್ಜಿಗೆ ಹುಷಾರಾಗಿರು ಅಂತ ಹೇಳಿ ಅಂದಳು."

ಅವ್ವ ಬಹಳ ಹೊತ್ತು ನನ್ನ ಮುಖ ನೋಡಿ, "ಒಳ್ಳೇ ಎಣ್ಮಗ್ಳು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಆ ವಿಷಯ ಕೇಳಲಿಲ್ಲ. ನಾನು ಸುಳ್ಳು ಹೇಳಿದರೆ ಚಿಕ್ಕಂದಿನಲ್ಲಿ ಕೂಡಲೇ ಕಂಡುಹಿಡಿಯುತ್ತಿದ್ದವಳು ಅವತ್ತು ನಂಬಿದಳು.

ಅಂದಿನಿಂದ ಮನೆಯಲ್ಲಿ ಎಲ್ಲ ಬದಲಾಯಿತು. ಹಾರ್ಲಿಕ್ಸ್ ಬಾಟಲಿಯಂಥ ದಪ್ಪ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮಂಚದ ಪಕ್ಕ ಇಟ್ಟು ಸೂಜಿಗಳನ್ನೆಲ್ಲ ಅದಕ್ಕೇ ಹಾಕಿ ತಿರುಪಿನ ಮುಚ್ಚಳ ಬಿಗಿಯುತ್ತಿದ್ದೆ. ಅದು ತುಂಬಿದರೆ ಆಸ್ಪತ್ರೆಗೆ ಕೊಟ್ಟು ಬರುವುದು. ಹಸಿ ಕಸ, ಒಣ ಕಸ ಎರಡು ಬುಟ್ಟಿ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಕೊಡುತ್ತಿದ್ದೆ. ಒಡೆದ ಗಾಜನ್ನು ರಟ್ಟಿನಲ್ಲಿ ಸುತ್ತಿ ಬೇರೆಯಾಗಿ ಕೈಗೇ ಕೊಡುತ್ತಿದ್ದೆ. ಬೆಳಿಗ್ಗೆ ಆಕೆ ಬರುವ ಹೊತ್ತಿಗೆ ಒಂದು ಲೋಟ ಮಜ್ಜಿಗೆಯನ್ನೂ ಇಟ್ಟುಕೊಂಡಿರುತ್ತಿದ್ದೆ. ಆಕೆ ಲೋಟಕ್ಕೆ ಬಾಯಿ ಹಚ್ಚದೆ ತನ್ನ ಬಾಟಲಿಗೆ ಬಗ್ಗಿಸಿಕೊಳ್ಳುತ್ತಿದ್ದಳು.

"ಈ ಬೀದೀಲಿ ಎಂಗಿದ್ದೀಯೆ ಅಂತ ಕೇಳೋರು ನೀವೊಬ್ರೇ" ಎಂದಳು ಒಂದು ದಿನ. ನಾನು ಒಳಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಆ ದಿನ ಬಸ್ಸು ತಪ್ಪಿತು.

ಮಾತ್ರೆಗಳು ಮುಗಿದವು. ಮೊದಲ ಸಲದ ರಕ್ತಪರೀಕ್ಷೆಯಲ್ಲಿ ಏನೂ ಇರಲಿಲ್ಲ, ಇನ್ನೂ ಎರಡು ಬಾಕಿ ಇದ್ದವು. ಆ ಹೊತ್ತಿಗೆ ಆಕೆಯ ಮಗಳು ಚೊಚ್ಚಲ ಬಾಣಂತನಕ್ಕೆ ಮಧುವನಹಳ್ಳಿಗೆ ಬಂದಿದ್ದಳು. ಹೆಣ್ಣುಮಗು ಹುಟ್ಟಿತೆಂದು ಆಕೆಯೇ ಗೇಟಿನ ಬಳಿ ಹೇಳಿದಳು. ಹೇಳುವಾಗ ನಗಲಿಲ್ಲ.

"ಮೊಮ್ಮಗಳಿಗೆ ನೀರು ಹಾಕೋದು ನೀನೇ ತಾನೆ?" ಎಂದು ಕೇಳಿದೆ, ಏನಾದರೂ ಮಾತಾಡಬೇಕಲ್ಲ ಎಂದು.

"ಪಕ್ಕದ್ ಮನೆ ಅಜ್ಜಿ ಬಂದು ಉಯ್ತಾರೆ. ನಾ ಮುಟ್ಟಾಕಿಲ್ಲ ಟೀಚರಮ್ಮ."

"ಮುಟ್ಟಿದರೆ ಏನೂ ಬರಲ್ಲ ಕಣಮ್ಮ ಆ ಕಾಯಿಲೆ."

"ಡಾಕ್ಟ್ರೂ ಅಂಗೇ ಯೋಳುದ್ರು. ಆದ್ರೂ ಕೈ ಮುಂದಕ್ಕೆ ಓಗಾಕಿಲ್ಲ. ನೆನ್ನೆ ಅಸಿಮೊಗ ಅಳ್ತಿತ್ತು, ಮಗ್ಳು ಬಚ್ಚಲಲ್ಲಿದ್ಲು. ತೊಟ್ಲು ತಾವ ಓಗಿ ನಿಂತ್ಕಂಡೆ, ಎತ್ಕಳಕ್ಕೆ ಆಗ್ನಿಲ್ಲ."

"ಮಗಳಿಗೆ ವಿಷಯ ಹೇಳಿದ್ದೀಯ?"

"ಎಂಗ್ ಯೋಳದು? ಅವ್ಳ ಅತ್ತೆ ಮನೆಗೆ ಗೊತ್ತಾದ್ರೆ ಊರೆಲ್ಲ ಆಯ್ತದೆ. ಎಲ್ಲಾ ಮುಗ್ದು ಏನೂ ಇಲ್ಲ ಅಂದ್ಮೇಲೆ ಯೋಳ್ತೀನಿ."

ಆಗಲೂ ನಾನು ಹೇಳಲಿಲ್ಲ. ಅವತ್ತು ಬೀದಿಯಲ್ಲಿ ಯಾರೂ ಇರಲಿಲ್ಲ, ಬಸ್ಸಿಗೂ ಸಮಯವಿತ್ತು. ಇದಕ್ಕೆ ನನ್ನ ಬಳಿ ಯಾವ ಕಾರಣವೂ ಇಲ್ಲ.

ಮೂರು ತಿಂಗಳಿರಬೇಕಾದ ಬಾಣಂತಿ ಇಪ್ಪತ್ತೆರಡನೆಯ ದಿನಕ್ಕೆ ಗಂಡನನ್ನು ಕರೆಸಿಕೊಂಡು ಹೊರಟುಹೋದಳು. ಹುಟ್ಟಿದ್ದು ಹೆಣ್ಣೆಂದು ತನ್ನ ತಾಯಿ ಮಗುವನ್ನು ಮುಟ್ಟುತ್ತಿಲ್ಲ ಎಂದು ತಿಳಿದುಕೊಂಡಿದ್ದಳಂತೆ. ಆಕೆ ಇದನ್ನು ನನಗೆ ಹೇಳಿ, ಬುಟ್ಟಿ ಸುರಿದು, ಮುಂದಿನ ಮನೆಗೆ ಹೋದಳು. ಮಳೆಗಾಲದಲ್ಲಿ ಕೊನೆಯ ಪರೀಕ್ಷೆಯೂ ಮುಗಿಯಿತು, ಏನೂ ಇಲ್ಲ ಎಂದಾಯಿತು. ಮಗಳು ಫೋನು ಎತ್ತುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಆಕೆಯನ್ನು ಊರಿನ ಇನ್ನೊಂದು ಕಡೆಯ ಬೀದಿಗಳಿಗೆ ಹಾಕಿದರು. ನಮ್ಮ ಬೀದಿಗೆ ಬರುವುದು ನಿಂತಿತು. ನನಗೆ ಒಂದು ರೀತಿಯ ಬಿಡುಗಡೆ ಅನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಮರುವರ್ಷದ ಕಾರ್ತಿಕದಲ್ಲಿ ಅವ್ವ ತೀರಿಕೊಂಡಳು. ಹೋಗುವ ನಾಲ್ಕು ದಿನ ಮೊದಲು, "ಆ ಎಣ್ಮಗ್ಳ ಮೊಮ್ಮಗ್ಳಿಗೆ ನಡ್ಯಕ್ಕೆ ಬಂತಾ?" ಎಂದು ಕೇಳಿದ್ದಳು. ಬಂತು ಎಂದಿದ್ದೆ. ನನಗೇನು ಗೊತ್ತಿತ್ತು?

ತಿಥಿಯೆಲ್ಲ ಮುಗಿದ ಮೇಲೆ ಅವ್ವನ ಮಂಚದ ಪಕ್ಕದಲ್ಲಿ ಸೂಜಿಯ ಡಬ್ಬಿ ಉಳಿದಿತ್ತು, ಅರ್ಧ ತುಂಬಿತ್ತು. ಒಂದು ಭಾನುವಾರ ಅದನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಅಲ್ಲಿದ್ದ ನರ್ಸು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಎಷ್ಟು ಜೋಪಾನವಾಗಿ ತರ್ತೀರ ಮೇಡಂ. ಎಲ್ಲರೂ ನಿಮ್ಮ ಥರ ಇದ್ದಿದ್ರೆ ಯಾರಿಗೂ ತೊಂದರೆ ಇರ್ತಿರಲಿಲ್ಲ" ಎಂದರು. ನಾನು ಹೊರಗೆ ಬಂದು ಮನೆಯ ಕಡೆ ತಿರುಗಲಿಲ್ಲ. ಮಧುವನಹಳ್ಳಿಯ ಆಟೋ ಹತ್ತಿದೆ.

ಆಕೆ ಮನೆಯ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಎದ್ದು, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದಳು. ನಾನು ಜಗಲಿಯ ಮೇಲೇ ಕುಳಿತೆ.

"ಅವ್ವಾರು ಎಂಗವ್ರೆ?"

"ಅವ್ವ ಹೋಗಿಬಿಟ್ಟಳು. ಹೋದ ತಿಂಗಳು."

"ಅಯ್ಯೋ, ಗೊತ್ತಾಗ್ನಿಲ್ವಲ್ಲ. ಗೊತ್ತಾಗಿದ್ರೆ ಬತ್ತಿದ್ದೆ" ಎಂದು ಮೊರ ಪಕ್ಕಕ್ಕಿಟ್ಟಳು.

ಇನ್ನು ತಡ ಮಾಡಿದರೆ ಮತ್ತೆ ಹಾಗೇ ವಾಪಸು ಹೋಗುತ್ತೇನೆ ಎಂದು ಭಯವಾಯಿತು. "ಆ ಸೂಜಿ ನಮ್ಮ ಮನೆಯದು" ಎಂದೆ. "ನಿಮ್ಮ ಹೆಬ್ಬೆರಳಿಗೆ ಚುಚ್ಚಿತಲ್ಲ, ಅದು. ನಮ್ಮವ್ವನ ಸಕ್ಕರೆ ಕಾಯಿಲೆಯದು. ಮುಚ್ಚಳ ಹಾಕದೆ ಎಸೆದವಳು ನಾನು."

ಅಷ್ಟು ವರ್ಷಗಳಲ್ಲಿ ಆಕೆಯನ್ನು ನೀವು ಎಂದದ್ದು ಅದೇ ಮೊದಲು. ಆಕೆ ನನ್ನನ್ನು ನೋಡುತ್ತಲೇ ಇದ್ದಳು.

"ಯಾವಾಗ್ ಗೊತ್ತಾಯ್ತು ನಿಮ್ಗೆ?"

"ಅವತ್ತೇ."

"ನಾನು ಗೇಟ್ ತಾವ ನಿಂತ್ಕಂಡು ಯಾರ್ದು ಅಂತ ಗೊತ್ತಾಗ್ನಿಲ್ಲ ಅಂದ್ನಲ್ಲ, ಅವಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಮಜ್ಜಿಗೆ ಕೊಡ್ತಿದ್ರಲ್ಲ, ಅವಾಗ?"

"ಗೊತ್ತಿತ್ತು."

"ಅವ್ವಾರ್ಗೂ ಗೊತ್ತಿತ್ತಾ?"

"ಹೇಳು ಹೇಳು ಅಂತ ಅವ್ವ ದಿನಾ ಅಂದಳು. ಹೇಳಿದೆ ಅಂತ ಅವಳಿಗೂ ಸುಳ್ಳು ಹೇಳಿದೆ."

ಆಕೆ ಮತ್ತೆ ಮೊರ ಎಳೆದುಕೊಂಡಳು. ಎರಡು ಮೂರು ಕಾಯಿ ಸುಲಿದಳು. ಕಾಳು ನೆಲಕ್ಕೆ ಬಿದ್ದವು. ಅವನ್ನು ಎತ್ತಿಕೊಳ್ಳಲಿಲ್ಲ.

"ನಿಮ್ಮನ್ನ ಬಯ್ಯದು ನಂಗೆ ಬರಾಕಿಲ್ಲ ಟೀಚರಮ್ಮ. ಬಂದಿದ್ರೆ ಬಯ್ತಿದ್ದೆ."

ನಾನು ನೆಲದ ಮೇಲಿನ ಕಾಳುಗಳನ್ನು ಆಯ್ದು ಮೊರಕ್ಕೆ ಹಾಕಿದೆ. ಆಕೆ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನನ್ ತಾವ ಯೋಳಿ ಈಗ ಏನ್ ಬಂತು? ನನ್ ಮಗ್ಳ್ಗೆ ಬಂದು ಯೋಳಿ. ನಾ ಯೋಳುದ್ರೆ ಅವ್ಳು ನಂಬಾಕಿಲ್ಲ."

ಮುಂದಿನ ಭಾನುವಾರ ನಾನು ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ಹತ್ತಿ ಪಕ್ಕದಲ್ಲಿ ಸೀಟು ಹಿಡಿದುಕೊಂಡಿದ್ದೆ. ಮಧುವನಹಳ್ಳಿಯಲ್ಲಿ ಹತ್ತಿದ ಆಕೆ ನನ್ನನ್ನು ನೋಡಿ, ತಲೆಯಾಡಿಸಿ, ಹಿಂದಿನ ಸೀಟಿಗೆ ಹೋಗಿ ಕುಳಿತಳು. ಹನೂರಿನಲ್ಲಿ ಇಳಿದು ಆಟೋ ಹಿಡಿದೆವು. ಮಗಳ ಊರು ತಮಿಳುನಾಡಿನ ಗಡಿಗೆ ಹತ್ತಿರ. ಅಂಗಳದಲ್ಲಿದ್ದ ಅತ್ತೆ ನಮ್ಮನ್ನು ನೋಡಿ ಒಳಗಿದ್ದ ಸೊಸೆಗೆ ತಮಿಳಿನಲ್ಲಿ ಕೂಗಿ ಹೇಳಿ, ಆಡು ಅಟ್ಟಿಕೊಂಡು ಹೊಲದ ಕಡೆ ಹೋದರು. ಸೊಸೆ ಹೊರಗೆ ಬಂದು ಬಾಗಿಲಲ್ಲೇ ನಿಂತಳು. ಒಂದೂವರೆ ವರ್ಷ ದಾಟಿದ ಹುಡುಗಿ ಅವಳ ಸೀರೆ ಹಿಡಿದುಕೊಂಡು ಇಣುಕುತ್ತಿತ್ತು.

ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮಗಳು ನನ್ನನ್ನು ನೋಡಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು.

"ಎಣ್ಣು ಅಂತ ಮುಟ್ಟಾಕಿಲ್ಲ ಅಂದ್ಕಂಡಿದ್ದೆ ಕಣವ್ವಾ."

"ನಿನ್ನ ಸಾಕ್ನಿಲ್ವಾ ನಾನು? ನೀನು ಎಣ್ಣಲ್ವಾ?"

"ಒಂದ್ ಮಾತು ಯೋಳ್ಬಾರ್ದಾಗಿತ್ತಾ?"

ಅದು ತಾಯಿಗೆ ಕೇಳಿದ ಪ್ರಶ್ನೆ. ನನಗೂ ಸಲ್ಲುವಂಥದ್ದು.

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು, "ನೀರ್ ಕಾಯ್ಸಿವ್ನಿ. ಇವತ್ತು ನೀನೇ ಉಯ್ಯವ್ವಾ" ಎಂದಳು. ಆಕೆ ಸೀರೆಯನ್ನು ಮಂಡಿಯ ತನಕ ಎತ್ತಿ ಕಟ್ಟಿ ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು ಕೈಗೆ ಎಣ್ಣೆ ಸವರಿಕೊಂಡು ಎರಡೂ ಕೈ ಮುಂದೆ ಮಾಡಿದಳು. ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವ ವಯಸ್ಸನ್ನು ಮಗು ದಾಟಿಯಾಗಿತ್ತು. ಅದಕ್ಕೆ ಈಕೆ ಯಾರೆಂದು ಗೊತ್ತೇ ಇರಲಿಲ್ಲ. ಮುಟ್ಟುತ್ತಲೇ ಚೀರಿ, ಕೈಕಾಲು ಬಡಿದು, ತಾಯಿಯ ಕುತ್ತಿಗೆಗೆ ಜೋತುಬಿತ್ತು. ಆಕೆ ಎರಡು ಸಲ ಎತ್ತಿಕೊಳ್ಳಲು ನೋಡಿದಳು. ಎಣ್ಣೆಯ ಕೈಯನ್ನು ತನ್ನ ಕಾಲಿಗೇ ಒರೆಸಿಕೊಂಡು, "ಬ್ಯಾಡ ಬುಡು, ಮೊಗ ಎದ್ರುಕತ್ತದೆ" ಎಂದು ಎದ್ದಳು.

ನಮಗೆ ಊಟ ಹಾಕಿದರು. ಆಕೆ ಆ ರಾತ್ರಿ ಅಲ್ಲೇ ಉಳಿಯುತ್ತೇನೆಂದಳು, ನಾನೊಬ್ಬಳೇ ಹೊರಟೆ. ಆಟೋದವರೆಗೂ ಬಂದಳು. ಏನಾದರೂ ಹೇಳುತ್ತಾಳೆ ಎಂದು ಕಾದೆ.

"ಉಸಾರಾಗಿ ಓಗಿ" ಎಂದಳು, ಅಷ್ಟೇ.

ಎದುರುಮನೆಯಾಕೆಗೂ ಆ ವಾರವೇ ಹೇಳಿದೆ. "ಹೋಗ್ಲಿ ಬಿಡಿ ಮೇಡಂ, ಬೇಕೂಂತ ಮಾಡಿದ್ರಾ" ಎಂದರು. ಆಮೇಲೆ ಕೆಲವು ದಿನ ನನ್ನನ್ನು ಕಂಡರೆ ಬೇಗ ಒಳಗೆ ಹೋಗುತ್ತಿದ್ದರು. ಈಗ ಅವರ ಯಜಮಾನರಿಗೂ ಇನ್ಸುಲಿನ್ ಶುರುವಾಗಿದೆ. ಅವರ ಸೂಜಿಗಳನ್ನು ನಾನೇ ಡಬ್ಬಿಯಲ್ಲಿ ಶೇಖರಿಸಿ ಆಸ್ಪತ್ರೆಗೆ ಕೊಟ್ಟು ಬರುತ್ತೇನೆ. ಪಕ್ಕದ ಬೀದಿಯ ಇಬ್ಬರು ಕೂಡ ತಂದುಕೊಡುತ್ತಾರೆ. ಶಾಲೆಯಲ್ಲಿ ಕಸದ ಪಾಠ ಬಂದಾಗ ಸೂಜಿ ಚುಚ್ಚಿದ ಹೆಂಗಸಿನ ಕಥೆ ಹೇಳುತ್ತೇನೆ. ಎಸೆದವರು ಯಾರು ಮೇಡಂ ಎಂದು ಮಕ್ಕಳು ಕೇಳುತ್ತಾರೆ. ಯಾರೋ ಒಬ್ಬರು ಎಂದು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾನೇ ಎನ್ನಲು ಅಲ್ಲಿ ಇನ್ನೂ ಬಾಯಿ ಬಂದಿಲ್ಲ.

ಹೋದ ತಿಂಗಳು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಆಕೆಯನ್ನು ಕಂಡೆ. ಮೊಮ್ಮಗಳು ಜೊತೆಗಿತ್ತು, ಅಜ್ಜಿಯ ಬೆರಳು ಹಿಡಿದುಕೊಂಡು ಕಡಲೆಪುರಿ ತಿನ್ನುತ್ತಿತ್ತು. ನಾನು ಹತ್ತಿರ ಹೋಗಿ ಮಗುವಿನ ಹೆಸರು ಕೇಳಿದೆ. ಅದು ನಾಚಿ ಅಜ್ಜಿಯ ಹಿಂದೆ ಸರಿಯಿತು. "ಯೋಳು ಮೊಗ" ಎಂದು ಆಕೆ ಹೇಳಬಹುದಿತ್ತು. ಹೇಳಲಿಲ್ಲ. ಹನೂರಿನ ಬಸ್ಸು ಬಂದಿತು. ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು, ಬತ್ತೀನಿ ಟೀಚರಮ್ಮ ಎಂದು ಮೆಲ್ಲಗೆ ಹೇಳಿ, ನೂಕುನುಗ್ಗಲಿನಲ್ಲಿ ಹತ್ತಿ ಹೋದಳು.